ರಾಳದ ಪುಡಿಯಲ್ಲಿ ಸಿಕ್ಕ ಆಕಾಶ

ಹದಿನೆಂಟನೇ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಸ್ಥಿತಿವಂತರಿಗೆ ನಿಸರ್ಗಚಿತ್ರದ ಹುಚ್ಚು ಹಿಡಿದಿತ್ತು. ವೇಲ್ಸಿನ ಒಂದು ಗುಡ್ಡ, ಹಾಳುಬಿದ್ದ ಕೋಟೆ, ಹೊಳೆಯ ತಿರುವು, ಮೇಲೆ ಅರ್ಧ ಹಾಳೆ ತುಂಬ ಆಕಾಶ, ಇಷ್ಟಿದ್ದರೆ ಚಿತ್ರ ಮಾರಾಟವಾಗುತ್ತಿತ್ತು. ತೊಂದರೆ ಒಂದೇ. ಜಲವರ್ಣದ ಚಿತ್ರ ಒಬ್ಬರ ಮನೆ ಸೇರಿದರೆ ಮುಗಿಯಿತು. ಅದೇ ಚಿತ್ರ ಇನ್ನೊಬ್ಬರಿಗೂ ಬೇಕೆಂದರೆ ಯಾರಾದರೂ ಮತ್ತೆ ಕುಂಚ ಹಿಡಿದು ಮೊದಲಿನಿಂದ ಬರೆಯಬೇಕು.

ಹಾಗೆ ಬರೆಯುವವರೂ ಇದ್ದರು, ಅದರಲ್ಲಿ ಯಾರಿಗೂ ಅವಮಾನ ಕಾಣುತ್ತಿರಲಿಲ್ಲ. ಲಂಡನ್ನಿನಲ್ಲಿ ಥಾಮಸ್ ಮನ್ರೊ ಎಂಬ ಮನೋರೋಗದ ವೈದ್ಯನಿದ್ದ. ಜಾನ್ ರಾಬರ್ಟ್ ಕೋಜನ್ಸ್ ಎಂಬ ಶ್ರೇಷ್ಠ ಜಲವರ್ಣ ಕಲಾವಿದ 1794ರಲ್ಲಿ ಬುದ್ಧಿ ಕೆಟ್ಟು ಇವನ ಆರೈಕೆಗೆ ಬಂದ. ಮನ್ರೊ ಸಂಜೆ ಹೊತ್ತು ತನ್ನ ಮನೆಗೆ ಹತ್ತೊಂಬತ್ತು ಇಪ್ಪತ್ತರ ಹುಡುಗರನ್ನು ಕರೆಸಿ ಕೋಜನ್ಸನ ಚಿತ್ರಗಳನ್ನು ನಕಲು ಮಾಡಿಸುತ್ತಿದ್ದ. ಆರು ಗಂಟೆಗೆ ಬಂದರೆ ಹತ್ತರವರೆಗೆ ಕೆಲಸ. ಥಾಮಸ್ ಗರ್ಟಿನ್ ಪೆನ್ಸಿಲಿನಲ್ಲಿ ಬಾಹ್ಯರೇಖೆ ಎಳೆಯುತ್ತಿದ್ದ, ಇನ್ನೊಬ್ಬ ಅದರ ಮೇಲೆ ಬಣ್ಣದ ನೀರು ಹರಿಸುತ್ತಿದ್ದ. ಆ ಇನ್ನೊಬ್ಬನಿಗೆ ರಾತ್ರಿಗೆ ಮೂರೂವರೆ ಶಿಲಿಂಗ್ ಕೂಲಿ ಎಂದು ಕಲಾವಿದ ಜೋಸೆಫ್ ಫ್ಯಾರಿಂಗ್ಟನ್ ತನ್ನ 1798ರ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಕೂಲಿಯವನ ಹೆಸರು ಜೆ. ಎಂ. ಡಬ್ಲ್ಯು. ಟರ್ನರ್. ಬ್ರಿಟನ್ನಿನ ನಿಸರ್ಗಚಿತ್ರ ಎಂದ ಕೂಡಲೇ ಜಗತ್ತು ಇವತ್ತು ಮೊದಲು ಹೇಳುವ ಹೆಸರು ಅದೇ.

ಆದರೆ ಇಬ್ಬರು ಹುಡುಗರು ನಾಲ್ಕು ಗಂಟೆ ಕೂತು ಎಷ್ಟು ನಕಲು ಮಾಡಿಯಾರು? ನೂರಾರು ಪ್ರತಿ ಬೇಕೆಂದರೆ ಅಚ್ಚೇ ಗತಿ. ಅಚ್ಚಿಗೆ ಆಗ ಇದ್ದದ್ದು ತಾಮ್ರದ ತಗಡು. ಉಳಿಯಿಂದ ತಗಡಿನ ಮೇಲೆ ಗೆರೆ ಕೊರೆದು, ಗೆರೆಯೊಳಗೆ ಮಸಿ ತುಂಬಿ, ಒದ್ದೆ ಕಾಗದವಿಟ್ಟು ರೋಲರ್ ಕೆಳಗೆ ಒತ್ತಿದರೆ ಚಿತ್ರ ಏಳುತ್ತದೆ. ಗೆರೆ ಇರುವ ಕಡೆ ಸರಿ. ಮಂಜು, ಮೋಡ, ನೀರಿನ ಮೇಲಿನ ಬೆಳಕು ಇವುಗಳಿಗೆ ಗೆರೆಯೇ ಇಲ್ಲವಲ್ಲ! ಕೊರೆಯುವವನು ಆಕಾಶಕ್ಕೆ ಸಾಲುಸಾಲು ಅಡ್ಡಗೆರೆ ಎಳೆದು ಬೂದು ಬಣ್ಣದ ಭ್ರಮೆ ಹುಟ್ಟಿಸುತ್ತಿದ್ದ. ಮೆಜೊಟಿಂಟ್ ಎಂಬ ಇನ್ನೊಂದು ವಿಧಾನ 1640ರ ದಶಕದಿಂದಲೇ ಬಳಕೆಯಲ್ಲಿತ್ತು. ಅದರಲ್ಲಿ ಇಡೀ ತಗಡನ್ನು ಮೊದಲು ಒರಟು ಮಾಡಿ ಕಪ್ಪಾಗಿಸಿ, ಆಮೇಲೆ ಬೆಳಕು ಬೇಕಾದ ಕಡೆ ಉಜ್ಜಿ ನಯಮಾಡಬೇಕು. ದೀಪದ ಬೆಳಕಿನ ಭಾವಚಿತ್ರಕ್ಕೆ ಅದು ಹೇಳಿ ಮಾಡಿಸಿದ್ದು. ಹಗಲಿನ ತಿಳಿ ಆಕಾಶಕ್ಕೆ ಕತ್ತಲಿಂದ ಹೊರಟು ಬರುವುದು ಸುತ್ತಿನ ದಾರಿ, ಅಲ್ಲದೆ ತಗಡು ಬೇಗ ಸವೆಯುತ್ತದೆ.

ಉತ್ತರ ಸಿಕ್ಕಿದ್ದು ರಾಳದ ಪುಡಿಯಲ್ಲಿ. ಪೈನ್ ಮರದ ರಾಳ, ರೋಜಿನ್. ನಯಗೊಳಿಸಿದ ತಾಮ್ರದ ತಗಡಿನ ಮೇಲೆ ನುಣ್ಣಗೆ ಅರೆದ ರಾಳವನ್ನು ಧೂಳಿನಂತೆ ಉದುರಿಸುವುದು. ಕೆಳಗಿನಿಂದ ಬಿಸಿ ತೋರಿಸಿದರೆ ಒಂದೊಂದು ಕಣವೂ ಕರಗಿ ಅಲ್ಲಲ್ಲೇ ಅಂಟಿಕೊಳ್ಳುತ್ತದೆ. ಆಮೇಲೆ ತಗಡನ್ನು ನೈಟ್ರಿಕ್ ಆಮ್ಲದಲ್ಲಿ ಅದ್ದಬೇಕು. ರಾಳ ಕೂತ ಜಾಗಕ್ಕೆ ಆಮ್ಲ ತಟ್ಟುವುದಿಲ್ಲ, ಕಣಗಳ ನಡುವಿನ ಸಂದಿಗಳನ್ನು ಮಾತ್ರ ತಿನ್ನುತ್ತದೆ. ತೊಳೆದು ಮಸಿ ಹಚ್ಚಿ ಒತ್ತಿದರೆ ಗೆರೆ ಕಾಣುವುದಿಲ್ಲ, ಕುಂಚದಿಂದ ಬಳಿದಂಥ ಒಂದು ಸಮನಾದ ತೆಳು ಬೂದು ಕಾಣುತ್ತದೆ. ಆಮ್ಲದಲ್ಲಿ ಕ್ಷಣಹೊತ್ತು ಇಟ್ಟರೆ ತಿಳಿ, ಹೆಚ್ಚು ಹೊತ್ತು ಇಟ್ಟರೆ ಗಾಢ. ಮೋಡದ ಅಂಚು ತಿಳಿಯಾಗಿಯೇ ಉಳಿಯಲಿ ಎಂದಿದ್ದರೆ ಮೊದಲ ಸ್ನಾನವಾದ ಮೇಲೆ ಅಷ್ಟು ಭಾಗಕ್ಕೆ ವಾರ್ನಿಶ್ ಬಳಿದು ಮುಚ್ಚಿ, ಉಳಿದದ್ದನ್ನು ಮತ್ತೆ ಅದ್ದುವುದು. ಮತ್ತೆ ಮುಚ್ಚು, ಮತ್ತೆ ಅದ್ದು. ದೂರದ ಬೆಟ್ಟ, ನಡುವಿನ ಮರ, ಎದುರಿನ ಬಂಡೆ ಹೀಗೆ ಒಂದೊಂದೂ ತನ್ನ ಪಾಲಿನ ಆಮ್ಲ ಕುಡಿದು ತಗಡಿನಲ್ಲಿ ಕೂರುತ್ತದೆ. ಇದಕ್ಕೆ ಅಕ್ವಾಟಿಂಟ್ ಎಂಬ ಹೆಸರು ನಿಂತಿತು.

ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗೆ ಒಂದೇ ಹೆಸರು ಹೇಳಲು ಬರುವುದಿಲ್ಲ. ಆಮ್‌ಸ್ಟರ್‌ಡ್ಯಾಮಿನ ಯಾನ್ ವಾನ್ ಡೆ ವೆಲ್ಡೆ 1650ರ ದಶಕದಲ್ಲೇ ಇಂಥದ್ದೊಂದನ್ನು ಮಾಡಿ ನೋಡಿದ್ದ. ಯಾರೂ ಮುಂದುವರಿಸಲಿಲ್ಲ, ಮರೆತೇ ಹೋಯಿತು. ನೂರು ವರ್ಷ ಕಳೆದ ಮೇಲೆ ಫ್ರಾನ್ಸಿನ ಜಾನ್ ಬತೀಸ್ತ್ ಲ ಪ್ರ್ಯಾನ್ಸ್ 1768ರ ಹೊತ್ತಿಗೆ ಅದನ್ನು ಹೊಸದಾಗಿ ಸಾಧಿಸಿದ. ರಷ್ಯಾ ಸುತ್ತಿ ಬಂದಿದ್ದ ಅವನ ಬಳಿ ಅಲ್ಲಿನ ಜನಜೀವನದ ಚಿತ್ರಗಳ ರಾಶಿಯಿತ್ತು, ಬಣ್ಣದ ತೆಳು ಬಳಿತ ಹಾಗೇ ಅಚ್ಚಾಗಬೇಕೆಂಬ ಆಸೆಯೂ ಇತ್ತು. ವಿಧಾನವನ್ನು ಗುಟ್ಟಾಗಿಟ್ಟು ಮಾರಲು ನೋಡಿದ. 1781ರಲ್ಲಿ ಅವನು ಸತ್ತಾಗಲೂ ಗುಟ್ಟು ಗುಟ್ಟಾಗಿಯೇ ಇತ್ತು, ಅದರಿಂದ ಅವನಿಗೆ ದಕ್ಕಿದ್ದು ಅಷ್ಟಕ್ಕಷ್ಟೆ.

ಅಷ್ಟರಲ್ಲಿ ಕಡಲಾಚೆ ಲಿವರ್‌ಪೂಲಿನಲ್ಲಿ ಪೀಟರ್ ಪೆರೆಜ್ ಬರ್ಡೆಟ್ ಎಂಬ ನಕಾಶೆಗಾರ ತಾನೇ ಆಮ್ಲ, ರಾಳಗಳ ಜೊತೆ ಗುದ್ದಾಡುತ್ತಿದ್ದ. 1770ರ ದಶಕದ ಆರಂಭದಲ್ಲೇ ಅವನು ಇಂಥ ಅಚ್ಚುಗಳನ್ನು ತೆಗೆದ. ಚಾರ್ಲ್ಸ್ ಗ್ರೆವಿಲ್ ಎಂಬ ಶ್ರೀಮಂತ ಗುಟ್ಟನ್ನು ದುಡ್ಡು ಕೊಟ್ಟು ಕೊಂಡು ಕಲಾವಿದ ಪಾಲ್ ಸ್ಯಾಂಡ್‌ಬಿಗೆ ದಾಟಿಸಿದ. ಲ ಪ್ರ್ಯಾನ್ಸ್‌ನಿಂದ ಕೊಂಡ ಎಂದು ಹಳಬರು ಹೇಳುತ್ತಾರೆ, ಬರ್ಡೆಟ್‌ನಿಂದ ಎಂಬುದು ಈಚಿನವರ ವಾದ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಆಮ್ಲ ಮತ್ತು ತಗಡಿನ ಸಹವಾಸ ನಕಾಶೆಗಾರನಿಗೆ ದಿನದ ಕೆಲಸ, ಇಂಗ್ಲೆಂಡಿನಲ್ಲೇ ಅಂಥವನೊಬ್ಬ ಇರುವಾಗ ಪ್ಯಾರಿಸ್ಸಿಗೆ ಯಾಕೆ ಹೋಗಬೇಕು?

ಸ್ಯಾಂಡ್‌ಬಿ ಅದಕ್ಕೆ ತನ್ನದೊಂದು ಬುದ್ಧಿ ಸೇರಿಸಿದ. ಪುಡಿ ಉದುರಿಸಿದರೆ ಕಣಗಳು ಒಂದು ಕಡೆ ದಟ್ಟ, ಇನ್ನೊಂದು ಕಡೆ ವಿರಳ. ಅವನು ರಾಳವನ್ನು ಮದ್ಯಸಾರದಲ್ಲಿ ಕರಗಿಸಿ ತಗಡಿನ ಮೇಲೆ ಸುರಿದ. ಮದ್ಯಸಾರ ಆರಿದಂತೆ ರಾಳದ ಪೊರೆ ಬೇಸಿಗೆಯಲ್ಲಿ ಬತ್ತಿದ ಕೆರೆಯ ಕೆಸರಿನ ಹಾಗೆ ಸೀಳುಬಿಟ್ಟು ಜಾಲರಿಯಾಯಿತು. ಆ ಸೀಳುಗಳಲ್ಲಿ ಆಮ್ಲ ಇಳಿಯಿತು. ಸಿಕ್ಕ ಛಾಯೆ ಪುಡಿಯದಕ್ಕಿಂತ ನಯ, ಜಲವರ್ಣಕ್ಕೆ ಇನ್ನಷ್ಟು ಹತ್ತಿರ. 1775ರಲ್ಲಿ ಸೌತ್ ವೇಲ್ಸಿನ ಹನ್ನೆರಡು ನೋಟಗಳನ್ನು ಹೀಗೆ ಅಚ್ಚು ಹಾಕಿ ಪ್ರಕಟಿಸಿದ. ಬ್ರಿಟನ್ನಿನಲ್ಲಿ ಅಕ್ವಾಟಿಂಟಿನ ನಿಸರ್ಗಚಿತ್ರ ಗೋಡೆಗೆ ಇಳಿಯತೊಡಗಿದ್ದು ಆ ಹನ್ನೆರಡು ಹಾಳೆಗಳಿಂದ.

ಸ್ಯಾಂಡ್‌ಬಿಗೆ ಒಂದು ಸರಕಾರಿ ನೌಕರಿಯೂ ಇತ್ತು. ಹರೆಯದಲ್ಲಿ ಸ್ಕಾಟ್ಲೆಂಡಿನ ಸೇನಾ ಸರ್ವೆಯಲ್ಲಿ ನಕ್ಷೆ ಬರೆದವನು, 1768ರಿಂದ 1796ರವರೆಗೆ ವೂಲಿಚ್‌ನ ಸೇನಾ ಅಕಾಡೆಮಿಯಲ್ಲಿ ಚಿತ್ರಕಲೆಯ ಮೇಷ್ಟ್ರಾಗಿದ್ದ. ಕಲಿಯುವವರು ಫಿರಂಗಿ ದಳದ ಅಧಿಕಾರಿಗಳಾಗಲಿದ್ದ ಹುಡುಗರು. ಗುಡ್ಡ ಎಷ್ಟು ಎತ್ತರ, ಕೋಟೆಯ ಗೋಡೆ ಎಲ್ಲಿ ತಗ್ಗು, ಗುಂಡು ಎಲ್ಲಿಂದ ಹೊಡೆಯಬೇಕು ಎಂದು ಕಣ್ಣಳತೆಯಲ್ಲಿ ಬರೆದು ತೋರಿಸಲು ಫೋಟೊ ಇಲ್ಲದ ಕಾಲದಲ್ಲಿ ಚಿತ್ರ ಬೇಕಿತ್ತು. ಚೆಂದದ ನೋಟವೂ ಫಿರಂಗಿಯ ನೋಟವೂ ಒಂದೇ ತರಗತಿಯಲ್ಲಿ ಕಲಿತ ಪಾಠ. ನಮ್ಮ ಕೋಟೆಗಳ ಚಿತ್ರ ನೋಡುವಾಗ ಇದು ನೆನಪಿರಲಿ.

ಬಣ್ಣದ ವಿಷಯಕ್ಕೆ ಬರೋಣ. ತಗಡು ಕೊಡುವುದು ಒಂದು ಮಸಿಯ ಛಾಯೆಗಳನ್ನು ಮಾತ್ರ. ಹೆಚ್ಚೆಂದರೆ ಆಕಾಶಕ್ಕೆ ನೀಲಿ ಮಸಿ, ನೆಲಕ್ಕೆ ಕಂದು ಮಸಿ ಎಂದು ಎರಡು ಹಚ್ಚಿ ಒಟ್ಟಿಗೆ ಒತ್ತುತ್ತಿದ್ದರು. ಉಳಿದ ಬಣ್ಣವೆಲ್ಲ ಕೈಯಿಂದ. ಕಲಾವಿದ ಒಂದು ಹಾಳೆಗೆ ಬಣ್ಣ ಹಾಕಿ ಮಾದರಿ ಕೊಡುತ್ತಿದ್ದ, ಅದನ್ನು ಎದುರಿಗಿಟ್ಟುಕೊಂಡು ಬಣ್ಣಗಾರರು ಒಂದೊಂದೇ ಪ್ರತಿಗೆ ಬಳಿಯುತ್ತಿದ್ದರು. ಟರ್ನರ್ ಬಾಲಕನಾಗಿದ್ದಾಗ ಬ್ರೆಂಟ್‌ಫರ್ಡ್‌ನಲ್ಲಿ ಒಂದು ಪುಸ್ತಕದ ಅಚ್ಚುಚಿತ್ರಗಳಿಗೆ ಬಣ್ಣ ತುಂಬಿದ್ದ, ಮುಂದೆ ಅವನೂ ಗರ್ಟಿನ್ನನೂ ಜಾನ್ ರಾಫೆಲ್ ಸ್ಮಿತ್ ಎಂಬ ಅಚ್ಚಿನವನ ಬಳಿ ಇದೇ ಕೆಲಸ ಮಾಡಿದರು. ಪ್ರಶ್ಯನ್ ನೀಲಿ, ಇಂಡಿಗೊ, ಗ್ಯಾಂಬೋಜ್ ಹಳದಿ ಇವೆಲ್ಲ ಆ ಮೇಜಿನ ಮೇಲಿನ ಬಣ್ಣಗಳು. ಗ್ಯಾಂಬೋಜ್ ಅಂದರೆ ನಮ್ಮ ಮುರುಗಲಿನ ಬಳಗಕ್ಕೇ ಸೇರಿದ ಮರಗಳ ಹಳದಿ ಅಂಟು. ಪೇಟೆಗೆ ಹೋಗುತ್ತಿದ್ದದ್ದು ಮುಖ್ಯವಾಗಿ ಸಯಾಂ, ಕಾಂಬೋಡಿಯಾ ಕಡೆಯದು, ಅದನ್ನು ಸುರಿಸುವ ಇನ್ನೊಂದು ಮರ ಪಶ್ಚಿಮ ಘಟ್ಟದಲ್ಲೂ ಇದೆ.

ಈ ವಿದ್ಯೆ ಹುಟ್ಟಿ ಹೆಚ್ಚು ವರ್ಷವಾಗುವ ಮುಂಚೆಯೇ ಹಡಗು ಹತ್ತಿ ಇಂಡಿಯಾಕ್ಕೆ ಬಂತು. ಹೋಟೆಲಿನವನ ಮಗನಾಗಿ ಹುಟ್ಟಿ, ಸಾರೋಟುಗಳಿಗೆ ಬಣ್ಣ ಹಚ್ಚುವ ಕೆಲಸ ಕಲಿತಿದ್ದ ಥಾಮಸ್ ಡೇನಿಯಲ್ ತನ್ನ ಅಣ್ಣನ ಮಗ ವಿಲಿಯಂನನ್ನು ಕರೆದುಕೊಂಡು ಚೀನಾ ಸುತ್ತಿ 1786ರಲ್ಲಿ ಕಲ್ಕತ್ತಾ ತಲುಪಿದ. ಹುಡುಗನಿಗೆ ಹದಿನಾರು ಹದಿನೇಳು ವರ್ಷ. ಅಲ್ಲೇ ಕೂತು 1788ರೊಳಗೆ ಕಲ್ಕತ್ತಾದ ಹನ್ನೆರಡು ನೋಟಗಳನ್ನು ಅಕ್ವಾಟಿಂಟ್ ಮಾಡಿದರು. ಆ ಊರಲ್ಲಿ ಈ ಕೆಲಸ ಬಲ್ಲವರು ಇಲ್ಲದ್ದರಿಂದ ಬರೆಯುವುದು, ಕೊರೆಯುವುದು, ಒತ್ತುವುದು ಎಲ್ಲವೂ ತಾವೇ, ಜೊತೆಗೆ ಸ್ಥಳೀಯ ಕೆಲಸಗಾರರು. ಬಂದ ಹಣದಿಂದ ಉತ್ತರ ಹಿಂದೂಸ್ತಾನ ಸುತ್ತಿ, 1792ರಲ್ಲಿ ಮದ್ರಾಸಿನಿಂದ ಹೊರಟು ಬೆಂಗಳೂರಿಗೂ ಬಂದರು. ಲಂಡನ್ನಿಗೆ ಮರಳಿ 1795ರಿಂದ 1808ರವರೆಗೆ ಹೊರತಂದ ಅವರ ‘ಓರಿಯೆಂಟಲ್ ಸೀನರಿ’ಯಲ್ಲಿ 144 ಚಿತ್ರಗಳು, ಪೂರ್ತಿ ಸಂಪುಟಕ್ಕೆ 210 ಪೌಂಡ್. ಅದರಲ್ಲಿ ಹೊಸೂರಿನ ಒಂದು ನೋಟವೂ ಇದೆ.

ಡೇನಿಯಲ್ಲರಿಗಿಂತ ಮುಂಚೆಯೇ ಮೈಸೂರು ಸೀಮೆಗೆ ಕುಂಚ ಬಂದದ್ದು ಸೈನ್ಯದ ಹಿಂದೆ. 1790ರಿಂದ 1792ರವರೆಗೆ ನಡೆದ ಮೂರನೇ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್‌ನ ಪಡೆಯ ಜೊತೆ ಚಿತ್ರ ಬರೆಯುವವರು ಹಲವರಿದ್ದರು. ರಾಬರ್ಟ್ ಹೋಮ್ ವೃತ್ತಿಯ ಕಲಾವಿದ, ಅವನ ಪುಸ್ತಕ 1794ರಲ್ಲಿ ಬಂತು. ಸರ್ವೆಯವನಾದ ರಾಬರ್ಟ್ ಹೈಡ್ ಕೋಲ್‌ಬ್ರೂಕ್ ಮೈಸೂರು ರಾಜ್ಯದ ಹನ್ನೆರಡು ನೋಟಗಳನ್ನು ಬಣ್ಣದ ಅಕ್ವಾಟಿಂಟಿನಲ್ಲಿ ತಂದ. ಸೈಪ್ರೆಸ್ ಮರಗಳ ತೋಟದ ಜೊತೆ ಬೆಂಗಳೂರಿನ ಪೂರ್ವದ ನೋಟ ಅದರಲ್ಲೊಂದು. ಮೂರನೆಯವನು ಜೇಮ್ಸ್ ಹಂಟರ್, ಫಿರಂಗಿ ದಳದ ಲೆಫ್ಟಿನೆಂಟ್. 1792ರಲ್ಲಿ ಇಂಡಿಯಾದಲ್ಲೇ ಸತ್ತ. ಅವನ ಜಲವರ್ಣಗಳು ಲಂಡನ್ ಸೇರಿ, ಎಡ್ವರ್ಡ್ ಓರ್ಮ್ ಎಂಬ ಪ್ರಕಾಶಕ 1805ರಲ್ಲಿ ಅವನ್ನು ಕೈಯಿಂದ ಬಣ್ಣ ಹಚ್ಚಿದ ಅಕ್ವಾಟಿಂಟುಗಳಾಗಿ ಹೊರತಂದ. ಬೆಂಗಳೂರು ಕೋಟೆಯ ದೆಹಲಿ ಬಾಗಿಲು, ಟಿಪ್ಪುವಿನ ಅರಮನೆ, ಬೀದಿಯಲ್ಲಿ ನಿಂತ ಜನ ಇವೆಲ್ಲ ಅದರಲ್ಲಿವೆ. ಬರೆದವನು ತನ್ನ ಚಿತ್ರದ ಒಂದು ಅಚ್ಚನ್ನೂ ನೋಡಲಿಲ್ಲ. ಬಣ್ಣ ಹಚ್ಚಿದವರು ಬೆಂಗಳೂರನ್ನು ನೋಡಿರಲಿಲ್ಲ.

ಹಳೆಯ ಪುಸ್ತಕದಿಂದ ಬೇರ್ಪಟ್ಟ ಇಂಥ ಒಂದು ಬಿಡಿ ಹಾಳೆ ಬೆಳಗಾವಿಯಲ್ಲಿ ಹಳೆ ಸಾಮಾನಿನವರೊಬ್ಬರ ಬಳಿ ನನಗೆ ಸಿಕ್ಕಿತ್ತು. ಅಸಲೋ ನಕಲಿಯೋ ತಿಳಿಯಬೇಕಿತ್ತು. ದಾಂಡೇಲಿಯ ಅಂಬೇವಾಡಿಯಲ್ಲಿದ್ದು ಕಾಗದದ ಬಗ್ಗೆ ಕೇಳಲು ಊರು ಬಿಟ್ಟು ಹೋಗಬೇಕಾಗಿಲ್ಲ. 1955ರಲ್ಲಿ ಶುರುವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನಲ್ಲಿ ಬಾಳು ಸವೆಸಿದವರು ಇಲ್ಲಿ ಬೀದಿಬೀದಿಯಲ್ಲಿದ್ದಾರೆ. ಅಂಥ ನಿವೃತ್ತ ಹಿರಿಯರೊಬ್ಬರ ಮುಂದೆ ಹಾಳೆ ಇಟ್ಟೆ. ಅವರು ಚಿತ್ರವನ್ನು ನೋಡಲೇ ಇಲ್ಲ. ಹಾಳೆಯನ್ನು ಕಿಟಕಿಗೆ ಹಿಡಿದರು, ಮೂಲೆಯನ್ನು ಕಿವಿಯ ಹತ್ತಿರ ಒಯ್ದು ಬೆರಳಿಂದ ಅಲುಗಿಸಿದರು, ಹಿಂಬದಿಗೆ ಒದ್ದೆ ಬೆರಳು ತಾಗಿಸಿ ಕಾದರು.

“ಇದು ಬಿದಿರಿನ ಪೇಪರ್ ಅಲ್ರೀ, ಅರಿವೀದು,” ಅಂದರು. “ನೀರು ಹೀರವಲ್ದು ನೋಡ್ರಿ. ಸೈಜಿಂಗ್ ಜಬರ್ದಸ್ತ್ ಮಾಡ್ಯಾರ.”

“ರೋಜಿನ್ ಹಾಕಿರಬಹುದಾ?”

“ರೋಜಿನ್ ಅಲ್ಲ. ರೋಜಿನ್, ಆಲಂ ಹಾಕಿದ್ದು ಇಷ್ಟು ವರ್ಷಕ್ಕ ಹಳದಿ ಆಗಿ ಮುರೀತಿತ್ತು. ಇದು ಸರೇಸು.”

ಅವರು ಹೇಳಿದ್ದು ಅಕ್ಷರಶಃ ಸರಿ. ಆ ಕಾಲದ ಇಂಗ್ಲಿಷ್ ಕಾಗದ ಲಿನನ್ ಚಿಂದಿಯಿಂದ ಆದದ್ದು, ಒಣಗಿದ ಹಾಳೆಯನ್ನು ಚರ್ಮ ಕುದಿಸಿದ ಸರೇಸಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಕಾಗದದ ತಿರುಳಿಗೇ ರೋಜಿನ್ ಮತ್ತು ಆಲಂ ಸೇರಿಸುವ ವಿಧಾನವನ್ನು ಜರ್ಮನಿಯ ಮಾರಿಟ್ಜ್ ಇಲ್ಲಿಗ್ ಪ್ರಕಟಿಸಿದ್ದೇ 1807ರಲ್ಲಿ. ಸರೇಸಿನ ಪೊರೆ ಇದ್ದುದರಿಂದಲೇ ಬಣ್ಣದ ನೀರು ಒಳಗಿಳಿಯದೆ ಮೇಲೆ ನಿಂತು ಹೊಳೆಯುತ್ತಿತ್ತು. ಕಿಟಕಿಯ ಬೆಳಕಿಗೆ ಹಳೆಯ ಕಾಗದದ ಜಾಲರಿ ಗೆರೆಗಳು ಕಾಣಲಿಲ್ಲ. ಕೆಂಟ್ ಸೀಮೆಯ ಜೇಮ್ಸ್ ವಾಟ್ಮನ್ 1750ರ ದಶಕದಲ್ಲಿ ನೇಯ್ದ ತಂತಿಬಲೆಯ ಅಚ್ಚಿನಿಂದ ತೆಗೆದ ನುಣುಪು ಕಾಗದದ ಗುರುತು ಅದು. ಗೆರೆಗಳಿದ್ದ ಕಾಗದದ ಮೇಲೆ ರಾಳದ ಸೂಕ್ಷ್ಮ ಛಾಯೆ ಇಷ್ಟು ಸಮನಾಗಿ ಏಳುತ್ತಿರಲಿಲ್ಲ.

ಆಮೇಲೆ ಭೂತಗನ್ನಡಿ ಹಿಡಿದು ಆಕಾಶ ನೋಡಿದೆವು. ಬರಿಗಣ್ಣಿಗೆ ಒಂದೇ ಬಳಿತದಂತೆ ಕಾಣುವ ಜಾಗದಲ್ಲಿ ಸಾವಿರಾರು ಬಿಳಿ ದ್ವೀಪಗಳು, ಒಂದರಂತೆ ಒಂದಿಲ್ಲ. ಸುತ್ತ ಕೂದಲೆಳೆಯಷ್ಟು ತೆಳುವಾದ ಮಸಿಯ ಜಾಲ. ಒಂದೊಂದು ಬಿಳಿ ಚುಕ್ಕಿಯೂ ರಾಳ ಕೂತಿದ್ದ ಜಾಗ. ಅದರ ಮೇಲೆ, ಜಾಲಕ್ಕೆ ಲೆಕ್ಕವಿಲ್ಲದಂತೆ, ಬಣ್ಣದ ನೀರು ಹರಿದಿದೆ. ಬೆಟ್ಟದ ಅಂಚಿನ ಬಳಿ ಬಣ್ಣಗಾರನ ಕುಂಚ ಜಾರಿ ನೀಲಿ ಬೆಟ್ಟದೊಳಕ್ಕೆ ಒಂದಿಷ್ಟು ಇಳಿದಿತ್ತು. ಯಂತ್ರದ ಮುದ್ರಣದಲ್ಲಿ ಈ ತಪ್ಪು ಆಗುವುದಿಲ್ಲ. ಅಲ್ಲಿ ಚುಕ್ಕಿಗಳು ಸಾಲು ಹಿಡಿದು ನಿಂತಿರುತ್ತವೆ.

ಈ ಹಾಳೆಗಳನ್ನು ಈಗ ಚರಿತ್ರೆಯ ಸಾಕ್ಷಿಯೆಂದು ಪುಸ್ತಕ, ಕ್ಯಾಲೆಂಡರುಗಳಲ್ಲಿ ಧಾರಾಳವಾಗಿ ಬಳಸುತ್ತಾರೆ. ಬಳಸಲಿ, ಆದರೆ ಎಷ್ಟನ್ನು ನಂಬಬೇಕೆಂದು ತಿಳಿದಿರಬೇಕು. ಕೋಟೆಯ ಕೊತ್ತಲ, ಬಾಗಿಲಿನ ಕಮಾನು, ಬಂಡೆಯ ಆಕಾರ ಇವು ಸ್ಥಳದಲ್ಲಿ ನಿಂತು ಬರೆದವನ ಕೈಯಿಂದ ತಗಡಿಗೆ ಇಳಿದವು. ಕೊರೆಯುವವನು ಮುಂದೆ ಒಂದು ಮರವನ್ನೋ ಎರಡು ಜನರನ್ನೋ ಸೇರಿಸಿರಬಹುದು, ಅಷ್ಟನ್ನು ಬಿಟ್ಟರೆ ಅವು ನಂಬಲು ಯೋಗ್ಯ. ಬಣ್ಣ ಹಾಗಲ್ಲ. ಒಂದೇ ತಗಡಿನ ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟರೆ ಒಂದರಲ್ಲಿ ಬೆಳಗಿನ ಆಕಾಶ, ಇನ್ನೊಂದರಲ್ಲಿ ಸಂಜೆಯದು. ಸಾಲದ್ದಕ್ಕೆ ಇಂಡಿಗೊ ಬೆಳಕಿಗೆ ಮಾಸುತ್ತದೆ. ಅದು ಹೋದ ಮೇಲೆ ಉಳಿದ ಕೆಂಪು ಎದ್ದು, ಬೂದು ಮೋಡವೆಂದು ಬಳಿದದ್ದು ನಸುಗೆಂಪಾಗಿ ಕಾಣುತ್ತದೆ. 1791ರ ಬೆಂಗಳೂರಿನ ಆಕಾಶ ಹೇಗಿತ್ತು ಎಂದು ಇವುಗಳಿಂದ ಹೇಳಹೊರಟರೆ ಅದು ಲಂಡನ್ನಿನ ಒಬ್ಬ ಕೂಲಿಯ ಊಹೆ ಮತ್ತು ಇನ್ನೂರು ವರ್ಷದ ಬಿಸಿಲು, ಎರಡೂ ಸೇರಿದ ಕತೆ.

ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಎಡಕ್ಕೆ ಬರೆದವನ ಹೆಸರು, ಬಲಕ್ಕೆ ಕೊರೆದವನ ಹೆಸರು, ನಡುವೆ ಪ್ರಕಾಶಕನ ವಿಳಾಸ ಮತ್ತು ತಾರೀಖು ಇರುತ್ತವೆ. ಬಣ್ಣ ಹಚ್ಚಿದವರ ಹೆಸರಿಗೆ ಜಾಗವೇ ಇಲ್ಲ. ಚಿತ್ರಕ್ಕೆ ಬೆಲೆ ತಂದುಕೊಟ್ಟವರು ಅವರು, ಇವತ್ತಿಗೂ ನಾವು ಗೋಡೆಯ ಮುಂದೆ ನಿಲ್ಲುವುದು ಆ ಬಣ್ಣಕ್ಕೆ. ಅವರಲ್ಲಿ ಟರ್ನರ್, ಗರ್ಟಿನ್ ಇಬ್ಬರ ಹೆಸರು ಉಳಿದದ್ದು ಅವರು ಬೇರೆ ಕಾರಣಕ್ಕೆ ದೊಡ್ಡವರಾದ್ದರಿಂದ.

ಅಕ್ವಾಟಿಂಟಿನ ವೈಭವ ಐವತ್ತು ಅರವತ್ತು ವರ್ಷಕ್ಕೆ ಮುಗಿಯಿತು. 1820, 30ರ ದಶಕಗಳಲ್ಲಿ ಕಲ್ಲಚ್ಚು ಅಗ್ಗವಾಯಿತು, ಆಮೇಲೆ ಕಲ್ಲಚ್ಚಿನಲ್ಲೇ ಬಣ್ಣ ಬಂತು, ಫೋಟೊ ಬಂತು. ಕೈಯಿಂದ ಬಳಿದ ಪ್ರತಿಯ ಆಸೆ ಮಾತ್ರ ಸಾಯಲಿಲ್ಲ. ಚೀನಾದ ಶೆಂಜೆನ್ ಬಳಿ ದಾಫೆನ್ ಎಂಬ ಊರಿನಲ್ಲಿ 1989ರಿಂದ ಸಾವಿರಾರು ಜನ ಪ್ರಸಿದ್ಧ ಚಿತ್ರಗಳ ತೈಲವರ್ಣ ನಕಲುಗಳನ್ನು ಕೈಯಲ್ಲೇ ಬರೆದು ಜಗತ್ತಿಗೆಲ್ಲ ಮಾರುತ್ತಾರೆ. ಅಲ್ಲೂ ನಕಲಿನ ಮೇಲೆ ಬರೆದವರ ಹೆಸರು ಇರುವುದಿಲ್ಲ.

ಡೇನಿಯಲ್ಲರ ಚಿತ್ರಗಳ ದೊಡ್ಡ ಸಂಗ್ರಹ ಕೋಲ್ಕತ್ತದ ವಿಕ್ಟೋರಿಯಾ ಮೆಮೋರಿಯಲ್‌ನಲ್ಲಿದೆ. ಹಂಟರ್ ಬರೆದ ದೆಹಲಿ ಬಾಗಿಲು ಬೆಂಗಳೂರಿನ ಕೆ. ಆರ್. ಮಾರುಕಟ್ಟೆಯ ಎದುರಿಗೇ ನಿಂತಿದೆ, ಕಮಾನನ್ನು ಚಿತ್ರದ ಜೊತೆ ಹೋಲಿಸಿ ನೋಡಬಹುದು. ನಿಮ್ಮ ಮನೆಯ ಅಟ್ಟದಲ್ಲೋ ಹಳೆಯ ವಾಡೆಯ ಗೋಡೆಯಲ್ಲೋ ಇಂಥ ಹಾಳೆ ಸಿಕ್ಕರೆ ಮೂರು ಕೆಲಸ ಮಾಡಬೇಡಿ: ಲ್ಯಾಮಿನೇಶನ್ ಮಾಡಿಸಬೇಡಿ, ಚೌಕಟ್ಟಿಗೆ ಹೊಂದಿಸಲೆಂದು ಕೆಳಗಿನ ಹೆಸರಿನ ಸಾಲನ್ನು ಕತ್ತರಿಸಬೇಡಿ, ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ.